ಹಸಿರು ದೀಪ ನಂಬಿ ಹಾರ ಕಟ್ಟಿದ್ದು

"ಇದು ಹಾರವೋ, ಬಂಡೀಪುರದ ಜಿಂಕೆಯೋ?"

ಹೋದ ತಿಂಗಳು ನಮ್ಮ ಹಂಗಳದ ಒಂದು ಮದುವೇಲಿ ಗಂಡಿನ ಕಡೆ ಮುದುಕರೊಬ್ಬರು ಕೇಳಿದ ಮಾತು ಇದು. ಬಿಳಿ ಸೇವಂತಿಗೆ ಒಂದು ಸಾಲು, ಹಳದಿ ಒಂದು ಸಾಲು ಬರಬೇಕಿದ್ದ ಹಾರ. ಬಂದದ್ದು ಹಳದಿ ಮೈಮೇಲೆ ಬಿಳಿ ಚುಕ್ಕೆ. ಮದುಮಗ ಪಾಪ, ಕತ್ತು ಬಗ್ಗಿಸಿ ಹಾಕಿಸಿಕೊಂಡ. ಕಟ್ಟಿದವಳು ನನ್ನ ಸೊಸೆ ರತ್ನ. ಅವಳು ಹಿಂದಿನ ಬಾಗಿಲಿಂದ ಮನೆಗೆ ಬಂದುಬಿಟ್ಟಳು, ಊಟ ಮಾಡದೆ. (ನಾನು ಮಾಡಿಕೊಂಡೇ ಬಂದೆ. ಊಟ ಏನು ತಪ್ಪು ಮಾಡಿತ್ತು?)

ಅವಳದೂ ತಪ್ಪಿಲ್ಲ. ನಮ್ಮೂರಿಗೆ ಹೂ ಬರೋದೇ ಸಂಜೆ ಬಸ್ಸಿಗೆ. ಮುಹೂರ್ತ ಬೆಳಗಿನ ಜಾವ. ಕರೆಂಟು ಸಂಜೆ ಹೋದರೆ ನಡುರಾತ್ರಿ ಕಳೆದ ಮೇಲೇ ಬರೋದು. ಅದಕ್ಕೇ ಗುಂಡ್ಲುಪೇಟೆಯಿಂದ ಒಂದು ಎಮರ್ಜೆನ್ಸಿ ಲೈಟು ತಂದಿದ್ದೆವು. ಒಳಗೆ ಚಾರ್ಜ್ ಮಾಡೋ ಬ್ಯಾಟರಿ, ಮುಂದೆ ಗೇಣುದ್ದ ಟ್ಯೂಬು. ಪೂರ್ತಿ ತುಂಬಿದರೆ ಪಕ್ಕದಲ್ಲಿ ಹಸಿರು ದೀಪ ಹತ್ತುತ್ತೆ. ಮೂರು ಗಂಟೆ ಉರಿಯುತ್ತೆ ಅಂತ ಡಬ್ಬದ ಮೇಲೆ ಬರೆದಿತ್ತು. ತಂದು ಎರಡು ವರ್ಷವಾಯಿತು, ಡಬ್ಬ ಇನ್ನೂ ಹಾಗೇ ಹೇಳುತ್ತೆ.

ಆವತ್ತೂ ಹಸಿರು ಹತ್ತಿತ್ತು. ಚಪ್ಪರದ ಸರವೆಲ್ಲ ಮುಗಿಸಿ ಮೊದಲನೇ ಹಾರ ಅರ್ಧಕ್ಕೆ ಬರುವಾಗ ಟ್ಯೂಬು ಕೆಂಪಗಾಗಿ ಆರಿಹೋಯಿತು. ಆಮೇಲೆ ಸೀಮೆಎಣ್ಣೆ ಬುಡ್ಡಿಯೇ ಗತಿ. ಬುಡ್ಡಿ ಬೆಳಕಲ್ಲಿ ಬಿಳಿ ಸೇವಂತಿಗೆ, ಹಳದಿ ಸೇವಂತಿಗೆ ಎರಡೂ ಒಂದೇ ಬಣ್ಣ. ನಂಬಿಕೆ ಇಲ್ಲದಿದ್ದರೆ ನೀವೂ ಕಟ್ಟಿ ನೋಡಿ.

ಇಷ್ಟಾದ ಮೇಲೂ ಉಡಿಗಾಲದಿಂದ ಇನ್ನೊಂದು ಮದುವೆ ಮನೆಯವರು ಹೇಳಿಕಳಿಸಿದರು. ಎರಡು ಹಾರ, ಹೆಣ್ಣಿನ ಮುಡಿಗೆ ಒಂದು ದಂಡೆ, ಚಪ್ಪರಕ್ಕೆ ಸರ, ಎಲ್ಲಾ ನೀವೇ ಕಟ್ಟಿಕೊಡಿ ಅಂತ. ಸೋಮವಾರ ಬಂದು ಮಾತು ತಗೊಂಡು ಹೋಗ್ತಾರಂತೆ. ರತ್ನ ನನ್ನಿಂದ ಹೂವಿನ ಕೆಲಸ ವಹಿಸಿಕೊಂಡು ಇನ್ನೂ ವರ್ಷ ತುಂಬಿಲ್ಲ. ಇನ್ನೊಂದು ಜಿಂಕೆ ಕಟ್ಟಿಕೊಟ್ಟರೆ ಆಮೇಲೆ ಯಾರು ಕರೀತಾರೆ? ಹಾಗಾಗಿ ಅವಳಿಗೆ ಬೇಕಿದ್ದದ್ದು ಒಂದೇ ಉತ್ತರ. ಈ ಲೈಟನ್ನ ಎಷ್ಟು ನಂಬಬಹುದು?

ನನ್ನ ಮಗ ಮಾದೇವ ಚಾಮರಾಜನಗರದಲ್ಲಿ ಗುಮಾಸ್ತೆ. ಶನಿವಾರ ಬರುವಾಗ ರೇಡಿಯೋ ರಿಪೇರಿ ಮಾಡೋ ಸ್ನೇಹಿತನ ಹತ್ತಿರ ಬ್ಯಾಟರಿ ಅಳೆಯೋ ಒಂದು ಮೀಟರ್ ಇಸಕೊಂಡು ಬಂದ. ಲೈಟಿನ ಮುಚ್ಚಳ ಬಿಚ್ಚಿ ಎರಡು ವೈರು ಮುಟ್ಟಿಸಿದ. ಮುಳ್ಳು ಟಕ್ ಅಂತ ಮೇಲೆ ಹೋಯಿತು.

"ಬ್ಯಾಟ್ರಿ ಗಟ್ಟಿಯಾಗೇ ಅದೆ ಕಣವ್ವ. ಆವತ್ತು ನೀವೇ ಸರಿಯಾಗಿ ಚಾರ್ಜಿಗೆ ಹಾಕಿಲ್ಲ."

ನಮ್ಮ ಬಚ್ಚಲ ಹಂಡೆ ನೋಡಪ್ಪ ಅಂದೆ. ನಮ್ಮೂರ ಬೋರ್ ನೀರು ಗಡಸು. ತಳದಲ್ಲಿ ಸುಣ್ಣ ಕಟ್ಟಿ ಕಟ್ಟಿ ಅರ್ಧ ಹಂಡೆ ಅದೇ ತಿಂದಿದೆ. ಕಂಠದ ತನಕ ತುಂಬಿರುತ್ತೆ, ಆದರೆ ಕೊನೇಲಿ ಸ್ನಾನಕ್ಕೆ ಹೋದವನಿಗೆ ನೀರಿಲ್ಲ. ತುಂಬಿದೆ ಅನ್ನೋದು ಸುಳ್ಳಲ್ಲ. ಎಷ್ಟು ತುಂಬಿದೆ ಅನ್ನೋದು ಬೇರೆ ಮಾತು. ಮಗ ನಕ್ಕ. ಬ್ಯಾಟರೀಲಿ ಸುಣ್ಣ ಇರಲ್ಲವಂತೆ. ಇಲ್ಲದಿದ್ದರೆ ಹೋಗಲಿ, ಮೊಗೆದೇ ನೋಡನ ಬುಡು ಅಂದೆ.

ಮಧ್ಯಾಹ್ನವೇ ನಡುಮನೆ ಬಾಗಿಲು, ಕಿಟಕಿ ಹಾಕಿ ಕತ್ತಲೆ ಮಾಡಿಕೊಂಡೆವು. ಲೈಟು ಹಚ್ಚಿ ನಾನು ಕನಕಾಂಬರ ಕಟ್ಟುತ್ತಾ ಕೂತೆ. ಗಡಿಯಾರ ನೋಡಿದರೆ ಸಾಲದಾ ಅಂತ ಮಾದೇವ ಕೇಳಿದ. ಮದುವೆ ಮನೆಯವರು ಕೇಳೋದು ಗಂಟೆ ಅಲ್ಲ, ಮೊಳ. ಲೈಟು ಆರುವ ಹೊತ್ತಿಗೆ ಐದು ಮೊಳ ಕಟ್ಟಿದ್ದೆ.

ತಮಾಷೆ ಆಮೇಲೆ ನಡೆದದ್ದು. ಕಾಫಿ ಕುಡಿದು ಬಂದು ಮಾದೇವ ಆ ಸತ್ತ ಬ್ಯಾಟರಿಗೇ ಮತ್ತೆ ಮೀಟರ್ ಇಟ್ಟ. ಮುಳ್ಳು ಹೆಚ್ಚುಕಮ್ಮಿ ಮೊದಲಿನ ಜಾಗಕ್ಕೇ ಏರಿ ನಿಂತಿತು. ಸ್ವಿಚ್ ಹಾಕಿದರೆ ಒಂದು ಗಳಿಗೆ ಉರಿದು ಮತ್ತೆ ಆರಿತು. ದಣಿದ ಎತ್ತು ನೆರಳಲ್ಲಿ ನಿಂತರೆ ಹುಲಿ ಹಾಗೆ ಕಾಣುತ್ತೆ. ನೊಗ ಇಟ್ಟಾಗ ತಾನೇ ಗೊತ್ತಾಗೋದು?

ಮಗ ದಡ್ಡನಲ್ಲ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಹಂಗಾದ್ರೆ ಉರೀತಿರುವಾಗಲೇ ಮೀಟರ್ ಇಡಬೇಕು ಅಂದ. ಆ ದಿನ ನಮ್ಮನೇಲಿ ಯಾರಾದರೂ ಆಡಿದ ಬುದ್ಧಿವಂತ ಮಾತು ಅಂದರೆ ಅದೇ.

ಐದು ಮೊಳ ಅಂತ ನಾನು ತೀರ್ಪು ಕೊಟ್ಟೆ. ಬಾಗಿಲಲ್ಲಿ ನಿಂತಿದ್ದ ರತ್ನ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ನಗುತ್ತಿದ್ದಳು.

"ಅತ್ತೆ, ಅದು ಬ್ಯಾಟ್ರಿ ಲೆಕ್ಕ ಅಲ್ಲ, ನಿಮ್ಮ ಕೈ ಲೆಕ್ಕ."

ಹೌದಲ್ಲ. ನನ್ನ ಬೆರಳು ಗಂಟುಗಂಟು. ಕನಕಾಂಬರ ಚಿಕ್ಕ ಹೂ, ನಿಧಾನದ ಕೆಲಸ. ಸೇವಂತಿಗೆ ದಪ್ಪ, ಬೇಗ ಓಡುತ್ತೆ. ಸಾಲದ್ದಕ್ಕೆ ನನ್ನ ಮೊಳವೇ ಕುಳ್ಳು. (ಹೂ ಮಾರುವಾಗ ಕುಳ್ಳು ಮೊಳ ಇರೋದು ಒಳ್ಳೇದೇ, ಆ ಮಾತು ಬೇರೆ.) ಕೆಲಸ ಮಾಡೋಳು ಒಬ್ಬಳು, ಅಳತೆ ಕೊಡೋಳು ಇನ್ನೊಬ್ಬಳು ಅಂದರೆ ಲೆಕ್ಕ ಹೇಗೆ ಕೂಡುತ್ತೆ?

ರಾತ್ರಿಯೆಲ್ಲಾ ಚಾರ್ಜಿಗೆ ಹಾಕಿ ಭಾನುವಾರ ಮತ್ತೆ ಕತ್ತಲೆ ಮಾಡಿದೆವು. ಈ ಸಲ ರತ್ನನೇ ಕೂತಳು. ಅದೇ ಸೇವಂತಿಗೆ, ಅದೇ ಜೋಡಿ ಹಾರ, ಆಮೇಲೆ ದಂಡೆ. ಮಾದೇವ ಪಕ್ಕದಲ್ಲಿ ಮೀಟರ್ ಹಿಡಿದು, ಹಾಲು ಉಕ್ಕೋದು ಕಾಯೋನ ಹಾಗೆ ಮುಳ್ಳನ್ನೇ ನೋಡುತ್ತಾ ಕೂತ. ಮುಳ್ಳು ಬಹಳ ಹೊತ್ತು ಸೋಮಾರಿಯಾಗಿ ಇಳಿಯಿತು, ಆಮೇಲೆ ಇದ್ದಕ್ಕಿದ್ದ ಹಾಗೆ ಜಾರಿತು. ಅದು ಜಾರೋಕೆ ಶುರು ಮಾಡಿದ ಜಾಗಕ್ಕೆ ಅವನು ಮೀಟರಿನ ಗಾಜಿನ ಮೇಲೆ ಕುಂಕುಮದ ಬೊಟ್ಟು ಇಟ್ಟ. ಮುಳ್ಳು ಇಲ್ಲಿಗೆ ಬಂದರೆ ಕೈಲಿರೋದು ಮುಗಿಸಿ, ಹೊಸದಕ್ಕೆ ಕೈ ಹಾಕಬೇಡಿ ಅಂದ. (ಮೀಟರ್ ಈಗ ನಮ್ಮನೇಲೇ ಇದೆ. ಸ್ನೇಹಿತ ಕೇಳಿಲ್ಲ, ನಾವು ಕೊಟ್ಟಿಲ್ಲ.)

ಲೆಕ್ಕ ಸಿಕ್ಕಿತು. ಎರಡು ಹಾರ, ಒಂದು ದಂಡೆ. ಅದರ ಮೇಲೆ ಒಂದು ಹೂವೂ ಇಲ್ಲ.

ಸೋಮವಾರ ಉಡಿಗಾಲದಿಂದ ಹೆಣ್ಣಿನ ಸೋದರಮಾವ ಬಂದರು. ಕೂತವರೇ, ಎಲ್ಲಾ ಆಯ್ತದೆ ಅಂದ್ಬುಡು ತಾಯಿ, ಬಸ್ಸಿಗೆ ಹೊತ್ತಾಯ್ತದೆ ಅಂದರು. ನಾನು ರತ್ನನ ಮುಖ ನೋಡಿದೆ. ಮದುವೆಯಾಗಿ ಬಂದ ದಿನದಿಂದ ಅವಳ ಬಾಯಲ್ಲಿ ಆಗಲ್ಲ ಅನ್ನೋ ಮಾತು ನಾನು ಕೇಳಿಲ್ಲ. ನೂರು ಜನಕ್ಕೆ ಮುದ್ದೆ ತೊಳಸು ಅಂದರೂ ಆಗುತ್ತೆ ಅಂದವಳು.

"ಹಾರ, ದಂಡೆ ಆಯ್ತದೆ ಕಣಣ್ಣ. ಚಪ್ಪರದ ಸರ ಆಗಕಿಲ್ಲ. ಅದ್ನ ಗುಂಡ್ಲುಪೇಟೇಲಿ ಕಟ್ಸಿ."

ಅವರು ನನ್ನ ಕಡೆ ತಿರುಗಿದರು. ಹಿರಿಯಳು ನೀನಾದರೂ ಬುದ್ಧಿ ಹೇಳು ಅನ್ನೋ ಹಾಗೆ. ಅವಳು ಹೇಳಿದ್ದೇ ಲೆಕ್ಕ ಅಂದೆ. ಟವೆಲ್ ಕೊಡವಿ ಎದ್ದು ಹೋದರು. ರತ್ನನ ಮುಖ ಬಾಡಿತು. ಬೀದಿ ಕೊನೆ ಮುಟ್ಟೋ ಅಷ್ಟು ಹೊತ್ತು ಕಳೀತು, ಮನುಷ್ಯ ವಾಪಸ್ ಬಂದ. ಆಯ್ತು, ಹಾರ ಮಾತ್ರ ಕೆಡಿಸಬೇಡಮ್ಮ ಅಂದು ಎಲೆ ಅಡಿಕೆ ಕೊಟ್ಟ.

ಹೂ ಬಂದ ಸಂಜೆ ಕರೆಂಟು ಹೋಯಿತು. ಹೋಗದೆ ಇರುತ್ತಾ? ರತ್ನ ಎರಡೂ ಹಾರ ಮುಗಿಸಿದಳು. ದಂಡೆಯ ಕೊನೆ ಗಂಟು ಹಾಕುವಾಗ ಮುಳ್ಳು ಬೊಟ್ಟಿನ ಹತ್ತಿರ ಬಂದಿತ್ತು, ಟ್ಯೂಬು ಬೆಳ್ಳಗೇ ಇತ್ತು. ಬಿಳಿ ಬಿಳಿಯಾಗಿ, ಹಳದಿ ಹಳದಿಯಾಗಿ ಕಂಡವು. ಅವಳೇ ಎದ್ದು ಸ್ವಿಚ್ ಆರಿಸಿದಳು. ಬುಡ್ಡಿ ಹಚ್ಚಿಕೊಂಡು ಹುರುಳಿ ಸಾರು, ಮುದ್ದೆ ಉಂಡೆವು. ರತ್ನ ಎರಡು ಸಲ ಬಡಿಸಿಕೊಂಡಳು.

ಆಗುತ್ತೆ ಅನ್ನೋ ಸೊಸೆ ಎಲ್ಲರ ಮನೇಲೂ ಇದ್ದಾಳೆ. ಎಷ್ಟಾಗುತ್ತೆ ಅಂತ ಅವಳನ್ನ ಕೇಳಿದವರು ಯಾರಾದರೂ ಇದ್ದೀರಾ?