ಕೈಗಡ ಕೊಟ್ಟ ಮಾತ್ರೆ

1998ರ ಶ್ರಾವಣ ಸೋಮವಾರ, ಬೆಳಿಗ್ಗೆ ಏಳು ಗಂಟೆ. ಹರಿಹರದ ನಮ್ಮ ಅಡುಗೆಮನೆಯಲ್ಲಿ ನಾನು, ತಂಗಿ ಗಿರಿಜ, ಪಕ್ಕದ ಮನೆಯ ನೀಲಮ್ಮ. ಗಿರಿಜ ತನ್ನ ಬಿಪಿ ಮಾತ್ರೆಯೊಂದನ್ನು ಸಕ್ಕರೆ ಕೈಗಡ ಕೊಟ್ಟಷ್ಟೇ ಸಲೀಸಾಗಿ ನೀಲಮ್ಮನ ಅಂಗೈಗೆ ಹಾಕಿದಳು. ಗಂಡ ತೀರಿಕೊಂಡ ಮೇಲೆ ನೀಲಮ್ಮ ನಗುವುದನ್ನೇ ಬಿಟ್ಟಿದ್ದರು.

“ಇದನ್ನ ತಗೊಂಡ ಮ್ಯಾಲೆ ನನ್ನ ಬ್ಯಾಸರ ಹೋಗೈತೆ, ನೀನೂ ನುಂಗು,” ಎಂದಳು ಗಿರಿಜ.

ಲೋಟ ತುಟಿಗೆ ಮುಟ್ಟುವ ಮೊದಲೇ ಮಾತ್ರೆ ಕಿತ್ತುಕೊಂಡೆ. ಇಬ್ಬರನ್ನೂ ಬಸ್ಸು ಹತ್ತಿಸಿ ದಾವಣಗೆರೆಯ ಡಾಕ್ಟರ ಬಳಿಗೆ ಕರೆದೊಯ್ದೆ. ಅಲ್ಲಿ ಪಟ್ಟಿ ಕಟ್ಟಿ ನೋಡಿದರೆ ನೀಲಮ್ಮನ ಬಿಪಿ ಮೊದಲೇ ಕಡಿಮೆಯಿತ್ತು.

“ಇಂಥ ಮಾತ್ರೆ ಮನಸ್ಸಿನ ಕಾಯಿಲೆಗೂ ಆದೀತೇನೋ ಅಂತ ಪರೀಕ್ಷೆ ನಡೆದಾವ್ರಿ. ಆದ್ರೆ ಉಪವಾಸದ ಹೊಟ್ಟೇಲಿ ಇವರು ನುಂಗಿದ್ರೆ ತಲೆ ತಿರುಗಿ ಬೀಳ್ತಿದ್ರು. ಗಿರಿಜಮ್ಮಾರೇ, ನಿಮ್ಮ ದವಾಖಾನೆ ಮುಚ್ಚಿಬಿಡ್ರಿ,” ಎಂದ ಡಾಕ್ಟರು ನೀಲಮ್ಮನಿಗೆ ಬೇರೆ ಔಷಧಿ ಬರೆದುಕೊಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ನೀಲಮ್ಮ ಮೆಲ್ಲಗೆ ಬಾಯಿಬಿಟ್ಟರು: “ಸಕ್ಕರೆ ಕೇಳಿದ್ರೆ ಅರ್ಧ ಲೋಟ ಕೊಡಾಕಿ, ಮಾತ್ರೆನ ಇಡೀದು ಕೊಟ್ಟೆಲ್ಲೇ ಗಿರಿಜಾ.” ಹೇಳಿ ತಾವೇ ನಕ್ಕರು.

ಆ ಮಾತ್ರೆ ಬೇಸರ ಕಳೆಯುತ್ತದೋ ಇಲ್ಲವೋ ನಾನರಿಯೆ. ನೀಲಮ್ಮ ಅದನ್ನು ನುಂಗದೆಯೇ ನಕ್ಕಿದ್ದರು. ಮನೆಗೆ ಬಂದವಳೇ ಮಾತ್ರೆಗಳನ್ನು ಸಕ್ಕರೆ ಡಬ್ಬದ ಪಕ್ಕದಿಂದ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದೆ.