ಕುಂಕುಮ ಕಚ್ಚಿದ ಪಂಪ್ ರೈಫಲ್

ಎಪ್ಪತ್ತೊಂದರ ಕಾರ್ತಿಕ, ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಾಜಾಜಿನಗರದ ಕಾರ್ಖಾನೆಗಳ ಹಿಂದಿನ ಓಣಿಯಲ್ಲಿ ಕೋವಿ ರಿಪೇರಿಯ ಜಂಬಣ್ಣ ಹಣೆಗೆ ವಿಭೂತಿ ಧರಿಸಿ, ಸ್ಕ್ರೂಡ್ರೈವರ್ ಹಿಡಿದು ಕೂತಿದ್ದಾರೆ. ಬಾಯಲ್ಲಿ ಇವತ್ತು ಶಿವನಾಮಕ್ಕಿಂತ ಬೈಗುಳವೇ ಹೆಚ್ಚು.

"ಸೈಕಲ್ ಪಂಪಂತೆ! ಗಾಯದ ಜಿಂಕೆ ಬಿಟ್ಟು ಓಡಿ ಬಂದೋನಿಗೆ ಬಾಯಿ ಬೇರೆ!"

ಎದುರಿಗಿಲ್ಲದೆಯೇ ಬೈಸಿಕೊಳ್ಳುತ್ತಿರುವವರು ಕೆಂಗೇರಿಯ ಮುನಿವೆಂಕಟಪ್ಪ, ಬಡಾವಣೆಗೆ ಜಮೀನು ಮಾರಿ ಜೀಪು ಕೊಂಡವರು. ಲೈಸೆನ್ಸ್ ಪಡೆದು ಬೇಟೆಗೆ ಹೋದಾಗ ಅವರ ಪಂಪ್ ರೈಫಲ್ಲಿನ ಮೊದಲ ಗುಂಡು ಜಿಂಕೆಯ ತೊಡೆ ಸೀಳಿತು. ಎರಡನೆಯದು ಹಾರಲೇ ಇಲ್ಲ. ಜಿಂಕೆ ಕುಂಟುತ್ತ ಪೊದೆ ಸೇರಿತು, ಸಾಹುಕಾರರು ಜೀಪು ಸೇರಿದರು. ಜಂಬಣ್ಣ ಕೊಡಿಸಿದ್ದು ಕೋವಿಯಲ್ಲ, ಸೈಕಲ್ ಪಂಪು ಎಂದು ಊರೆಲ್ಲ ಸಾರಿದ್ದಾರೆ. ರಿಪೇರಿಗೆ ಬಂದಿದ್ದ ಕೋವಿಗಳು ಒಂದೊಂದಾಗಿ ವಾಪಸು ಹೋಗುತ್ತಿವೆ. ಹೀಗೇ ಆದರೆ ಅಂಗಡಿಗೆ ಬೀಗವೇ.

ಹೊಸಪೇಟೆ ಕಡೆಯ ಜಂಬಣ್ಣ ಬಿನ್ನಿಪೇಟೆಯ ಲೇತ್ ಶೆಡ್ಡಿನಲ್ಲಿ ಕೆಲಸ ಕಲಿತವರು. ಎಡಗೈಯ ಒಂದು ಬೆರಳನ್ನು ಲೇತೇ ನುಂಗಿತು. ಮಾಂಸ ಮುಟ್ಟದ ಮನೆ, ಆದರೂ ಪಂಪ್ ರೈಫಲ್ ಎಂದರೆ ಜೀವ. ಯಾಕೆಂದು ಕೇಳಲು ಬಂದ ನನ್ನ ಕಡೆ ತಿರುಗುತ್ತಾರೆ.

"ಜಿಂಕೆ ನಿಂತ್ಕೊಂಡು ಗುಂಡು ತಿನ್ನಲ್ಲ ಸಾರ್. ಬೋಲ್ಟ್ ರೈಫಲಾದ್ರೆ ಬಲಗೈ ಟ್ರಿಗರ್ ಬಿಟ್ಟು ಬೋಲ್ಟ್ ಎಳೀಬೇಕು, ಅಷ್ಟ್ರಲ್ಲಿ ಗುರಿ ತಪ್ಪುತ್ತೆ. ಇದ್ರಲ್ಲಿ ಎಡಗೈಲಿ ನಳಿಗೆ ಕೆಳಗಿನ ಹಿಡಿನ ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದ್ರೆ ಹಳೇ ತೋಟಾ ಹೊರಗೆ, ಹೊಸದು ಒಳಗೆ. ಕಣ್ಣೂ ಕದಲಲ್ಲ, ಹೆಗಲೂ ಕದಲಲ್ಲ. ಎಡಚರಿಗೂ ಸಲೀಸು. ನಾನು ಬೇಡ ಅಂದ್ರೆ ಬೇಟೆ ನಿಲ್ಲುತ್ತಾ? ನರಳಾಟನಾದ್ರೂ ಕಮ್ಮಿ ಆಗ್ಲಿ."

ಮಾತಾಡುತ್ತಲೇ, ರಿಪೇರಿಗೆ ಬಂದಿರುವ ಸಾಹುಕಾರರ ಕೋವಿಯ ಹಿಡಿಯನ್ನು ಬಿಚ್ಚುತ್ತಾರೆ. ಅದು ಜಾರುವ ಕಂಬಿಯ ತುಂಬ ಕೆಂಪು ಮೇಣ: ಕುಂಕುಮ ಎಣ್ಣೆಯಲ್ಲಿ ಕಲೆತು ಗಟ್ಟಿಯಾಗಿ ಹಿಡಿಯನ್ನು ಜಾರಗೊಟ್ಟಿಲ್ಲ. ಜಂಬಣ್ಣ ಎದ್ದೇ ನಿಲ್ಲುತ್ತಾರೆ. "ನೋಡೇ ಬಸವ್ವ! ಅವನ ಮನೆಯೋರು ಆಯುಧಪೂಜೆ ಮಾಡಿ ಕೆಡಿಸವ್ರೆ!"

ಕಾಫಿ ತಂದ ಹೆಂಡತಿ ನಕ್ಕುಬಿಡುತ್ತಾರೆ. "ಪೂಜೆ ದಿನ ಅದು ನಮ್ಮಂಗ್ಡೀಲೇ ಇತ್ತಲ್ರೀ. ಕುಂಕುಮ ಇಟ್ಟೋಳು ನಾನು. 'ಧಾರಾಳವಾಗಿಡು, ಸಾಹುಕಾರರ ಕೋವಿ' ಅಂದೋರು ನೀವು."

ಜಂಬಣ್ಣ ಒರೆಸುವ ಬಟ್ಟೆಗೆ ಕೈ ಹಾಕುತ್ತಾರೆ. ಕಂಬಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಕೋವಿ ಜೋಡಿಸಿ ಮುಗಿಸುವ ಹೊತ್ತಿಗೆ ಜೀಪು ಬಂದು ನಿಲ್ಲುತ್ತದೆ.

"ಏನ್ ಜಂಬಣ್ಣ, ನಿನ್ ಪಂಪಿಗೆ ಗಾಳಿ ಬಂತಾ?" ಎನ್ನುತ್ತಾರೆ ಮುನಿವೆಂಕಟಪ್ಪ.

ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಜಂಬಣ್ಣ ಕೆಂಪಾದ ಬಟ್ಟೆಯನ್ನು ಎತ್ತಿ ಅವರ ಮುಖದ ಮುಂದೆ ಹಿಡಿಯುತ್ತಾರೆ. "ತಪ್ಪು ನಂದೇ ಗೌಡ್ರೆ. ಪೂಜೆ ಕುಂಕುಮ ಒಳಗಿಳಿದಿತ್ತು, ಬಿಚ್ಚಿ ಒರೆಸದೆ ಕೊಟ್ಬಿಟ್ಟೆ. ಕೋವಿದೇನೂ ತಪ್ಪಿಲ್ಲ. ನನ್ನ ಹೆಸರು ಹೇಳ್ಕೊಂಡೇ ಬೈರಿ."

"ನಾನೇನಂದಿದ್ದೆ!" ಎಂದು ಸಾಹುಕಾರರು ಗೆದ್ದ ನಗೆಯಿಂದ ಕೋವಿಗೆ ಕೈ ಚಾಚುತ್ತಾರೆ. ಜಂಬಣ್ಣ ಬಿಡುವುದಿಲ್ಲ. ನಾಲ್ಕೇ ಬೆರಳಿನ ಹಿಡಿತ, ಆದರೂ ಬಿಗಿ.

"ಕುಂಕುಮ ನಂದು. ಜಿಂಕೆ ನಿಮ್ದು. ಕೋವಿ ನಿಂತ್ರೆ ಕಾಲೂ ನಿಲ್ಬೇಕಾ? ರಕ್ತದ ಜಾಡು ಹಿಡ್ದು ಹೋಗೋಕೇನಾಗಿತ್ತು ನಿಮಗೆ?"

"ಇನ್ನೆಲ್ಲಿರುತ್ತೆ ಅದು, ಹೋಗಯ್ಯ!" ಮುನಿವೆಂಕಟಪ್ಪ ಕೋವಿ ಕಿತ್ತುಕೊಂಡು ಜೀಪು ಹತ್ತುತ್ತಾರೆ.

ಅಂಗಡಿಯ ಗತಿ ಏನು ಎಂದು ನಾನು ಕೇಳಿದರೆ ಜಂಬಣ್ಣ ಇನ್ನೂ ಸಿಡುಕುತ್ತಲೇ ಇದ್ದಾರೆ. "ಉಳಿದ್ರೆ ಉಳೀಲಿ. ಕುಂಕುಮ ಇನ್ಮೇಲೆ ಕೋವಿಯ ಮರದ ಭಾಗದ ಮೇಲೆ ಮಾತ್ರ, ಅದು ನನ್ನ ಜವಾಬ್ದಾರಿ. ಗಿರಾಕಿಗೆ ಒಂದೇ ಪ್ರಶ್ನೆ ಕೇಳ್ತೀನಿ: ಗಾಯದ ಜಿಂಕೆ ಹಿಂದೆ ನಡೀತೀಯಾ? ಇಲ್ಲ ಅಂದೋನ ಕೋವಿ ನನ್ನ ಹೊಸ್ತಿಲು ದಾಟಲ್ಲ ಸಾರ್."