ಅಗಸಿ ಮುತ್ಯಾನ ಸುಣ್ಣ

ನಮ್ಮ ಅತ್ತೆ ಸಾವಂತ್ರೆವ್ವ ಸಾಲಿಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ಮೂರು ಗಂಟೆಗೆ ಮನೆಗೆ ಬಂದವರು ಮೊದಲು ಕಾಲು ಚಾಚಿ ಮಲಗುತ್ತಾರೆ, ಮಾತು ಆಮೇಲೆ. ನನ್ನ ಹನ್ನೊಂದು ತಿಂಗಳ ಮಗಳು ಸ್ನೇಹಲ್ ಹೊಟ್ಟೆಯ ಮೇಲೆ ಹತ್ತಿ ಕೂತರೂ ಕಣ್ಣು ತೆರೆಯುವುದಿಲ್ಲ. ಆದರೆ ಮಹಾನವಮಿಗೆ ಎಂಟು ದಿನ ಇದೆ ಎನ್ನುವಾಗ ಇದೇ ಅತ್ತೆ ಹಳೇ ಗಡಿಗೆಯಲ್ಲಿ ಸುಣ್ಣ ನೆನೆಹಾಕಿ, ಚೂರು ನೀಲಿ ಕಲಸಿ, ಅಗಸಿಯ ಕಡೆ ಹೊರಡುತ್ತಾರೆ. ಮದುವೆಯಾಗಿ ಬಂದು ಮೂವತ್ತೆಂಟು ವರ್ಷ, ಒಂದು ವರ್ಷವೂ ತಪ್ಪಿಸಿಲ್ಲ. ಮಾವ ಶಟ್ಟೆಪ್ಪ ತೀರಿಕೊಂಡ ವರ್ಷವೂ ಹೋಗಿದ್ದರಂತೆ.

ಅಗಸಿ ಅಂದರೆ ಊರಬಾಗಿಲು. ಬಾಗಿಲು ಬಿದ್ದು ಯಾವ ಕಾಲವಾಯಿತೋ; ಈಗ ಅಲ್ಲಿ ಯರಗಟ್ಟಿ ಬಸ್ಸು ನಿಲ್ಲುತ್ತದೆ. ಉಳಿದಿರುವುದು ಎದೆಮಟ್ಟದ ಒಂದು ಕಲ್ಲು. ಸುಣ್ಣದ ಮೇಲೆ ಸುಣ್ಣ ಕೂತು ಅದಕ್ಕೆ ಮುಖ ಮೂತಿ ಏನೂ ಇರಲಿಲ್ಲ. ನಮ್ಮ ಮನೆತನದ ಹಿರಿಯಜ್ಜ, ಮುತ್ಯಾ, ಅಗಸಿ ಕಾಯುತ್ತ ಅಲ್ಲೇ ಜೀವ ಬಿಟ್ಟ, ಅವನದೇ ಕಲ್ಲು ಎಂದು ಊರೆಲ್ಲ ನಂಬಿತ್ತು. ಅದಕ್ಕೇ ನವಮಿಯ ದಿನ ಅಲ್ಲಿ ಒಡೆಯುವ ಮೊದಲ ಕಾಯಿಯ ಹೋಳು ನಮ್ಮ ಮನೆಯವರ ಕೈಗೆ. ನಮ್ಮವರನ್ನು ಗುಡಿಯ ಮೆಟ್ಟಿಲು ಹತ್ತಗೊಡದ ಕಾಲದಲ್ಲೂ ಊರು ಆ ಹೋಳು ತಪ್ಪಿಸಿಲ್ಲ. ಅತ್ತೆಗೆ ಇದ್ದ ಮಾನ ಅದೊಂದೇ.

ಈ ವರ್ಷ ಹಳೇ ಕಲ್ಲುಗಳಿಗೆಲ್ಲ ಸರಕಾರದವರು ಬೋರ್ಡು ಹಾಕುತ್ತಾರೆಂದು ರಾಜೇಶ್ವರಿ ಎಂಬ ಹುಡುಗಿ ಪಟ್ಟಿ ಮಾಡಲು ಬಂದಳು. ಸುಣ್ಣ ತೆಗೆಯದೆ ಏನೂ ಬರೆಯಲಾಗದು ಎಂದಳು. ಅತ್ತೆಗೆ ಖುಷಿಯೋ ಖುಷಿ.

"ಮುತ್ಯಾ ಬೋರ್ಡಿನ್ಯಾಗ ಬರ್ತಾನ. ಸ್ನೇಹಲ್ ದೊಡ್ಡಾಕಿ ಆಗಿ ಓದ್ತಾಳ."

ಆಳು ಹಚ್ಚಲು ಬಿಡಲಿಲ್ಲ. "ಬಳದಾಕಿ ನಾನು, ತಗಿಯಾಕಿನೂ ನಾನ. ಕಬ್ಬಿಣ ಮುಟ್ಟಿಸಬ್ಯಾಡ್ರಿ ಬಾಯಾರ, ಅವಗ ನೋಯ್ತೈತಿ."

ಮೂರು ಸಂಜೆ ಬೇಕಾಯಿತು. ಒದ್ದೆ ಗೋಣಿತಟ್ಟು ಸುತ್ತಿ ನೆನೆಸಿ, ಬಿದಿರಿನ ಸೀಳಿನಿಂದ ಕೆರೆಯುತ್ತಿದ್ದರು. ನಾನು ಮಗಳನ್ನು ಸೊಂಟಕ್ಕೇರಿಸಿಕೊಂಡು ನೀರು ಹೊಯ್ಯುತ್ತಿದ್ದೆ. ಒಂದು ಕಡೆ ಸುಣ್ಣದ ಕೆಳಗೆ ಕೆಂಪು ಮಣ್ಣು ಬಂತು. "ಇದು ನಮ್ಮತ್ತಿ ಕೈಕೆಲಸ. ಸುಣ್ಣ ಸಿಗಲಾರದ ವರ್ಷ ಕೆಮ್ಮಣ್ಣು ಬಳದಿದ್ಲಂತ," ಎಂದು ಅಲ್ಲಿ ಸ್ವಲ್ಪ ಹೊತ್ತು ಕೈ ನಿಲ್ಲಿಸಿದರು.

ಮೂರನೆಯ ಸಂಜೆ ಕಲ್ಲಿನಲ್ಲಿ ಕಂಡದ್ದು ಕಾವಲುಗಾರನ ಕತ್ತಿ ಅಲ್ಲ, ಒಂದು ತೋಳು. ಮೊಳಕೈ ಮಡಚಿ ಮೇಲೆತ್ತಿದ ತೋಳು, ಮಣಿಕಟ್ಟಿನ ತುಂಬ ಬಳೆ.

ರಾಜೇಶ್ವರಿ ಮೆಲ್ಲಗೆ ಹೇಳಿದಳು: "ಆಯಿ, ಇದು ಕಾವಲಗಾರನ ಕಲ್ಲಲ್ರಿ. ಮಾಸ್ತಿಕಲ್ಲು. ಗಂಡನ ಚಿತಿಯೊಳಗ ಸುಟ್ಟ ಹೆಣ್ಣಮಗಳ ಗುರ್ತು."

ಎದುರಿನ ಬಟ್ಟೆ ಅಂಗಡಿಯ ವಿರೂಪಾಕ್ಷಪ್ಪ ನವಮಿ ಕಮಿಟಿಯ ಹಿರಿಯರು. ಕಟ್ಟೆ ಇಳಿದು ಬಂದರು. "ಏನ ಸಾವಂತ್ರೆವ್ವ, ನಿಮ್ಮ ಮುತ್ಯಾ ಕೈತುಂಬ ಬಳಿ ಇಟ್ಕೊಂಡು ಅಗಸಿ ಕಾಯ್ತಿದ್ನೇನು?"

ಬಸ್ಸಿಗೆ ನಿಂತವರು ನಕ್ಕರು.

"ನಿಮ್ಮ ಕಮಿಟಿಗಿಂತ ಚಲೋ ಕಾದಾನ್ರಿ ಸಾವಕಾರ್ರ," ಎಂದರು ಅತ್ತೆ. ನಗು ಆ ಕಡೆ ತಿರುಗಿತು.

ವಿರೂಪಾಕ್ಷಪ್ಪನವರ ಮುಖ ಬಿಗಿಯಿತು. "ಚೇಷ್ಟಿ ಇರ್ಲಿ. ಬೋರ್ಡಿನ್ಯಾಗ ನಿಮ್ಮ ಮುತ್ಯಾ ಇಲ್ಲಂದ್ರ ಮೊದಲ ಕಾಯಿ ನಿಮಗ್ಯಾಕ? ಮಂದಿ ಕೇಳ್ತಾರ."

ರಾಜೇಶ್ವರಿಗೆ ಕೆಟ್ಟದೆನಿಸಿತೇನೋ. ಕಾಗದ ತೆಗೆದಳು. "ಜನರ ಹೇಳಿಕಿ ಬರಿಯಾಕ ಒಂದು ಜಾಗಾ ಐತ್ರಿ. ಇದು ನಮ್ಮ ಕಾವಲಗಾರನ ಕಲ್ಲು ಅಂತ ಬರೀತೇನಿ, ಬೋರ್ಡಿನ್ಯಾಗೂ ಬರ್ತೈತಿ. ನೀವು ಸಹಿ ಮಾಡ್ರಿ, ಸಾಕು."

ನಾನು ಕಿವಿಯಲ್ಲಿ ಹೇಳಿದೆ, "ಮಾಡ್ರಿ ಅತ್ತಿ. ಹಿಂದಿಂದ ಹೇಳ್ಕೊಂತ ಬಂದದ್ದ ಅಲ್ಲೇನ್ರಿ?" ಅತ್ತೆಯ ಮುಖ ನೋಡಿ ನನಗೆ ನಿಜ ಸುಳ್ಳಿನ ಗೊಡವೆ ಬೇಡವಾಗಿತ್ತು.

ಅತ್ತೆ ಪೆನ್ನು ಹಿಡಿದರು. ಸುಣ್ಣ ತಿಂದ ಬೆರಳುಗಳು ಬಿರುಕು ಬಿಟ್ಟಿದ್ದವು. ಆ ತೋಳನ್ನು ನೋಡುತ್ತ ನಿಂತರು, ಪೆನ್ನು ವಾಪಸ್ಸು ಕೊಟ್ಟರು.

"ಕಾಣಲಾರದ ಹೇಳಿದ್ದು ಬ್ಯಾರೆ. ಈಗ ಕಂಡೇನಿ. ಸುಟ್ಟಾಕಿ ಮ್ಯಾಲ ನಮ್ಮ ಗಂಡಸನ ಹೆಸರ ಹಚ್ಚಾಕ ನನ್ನ ಕೈಲೆ ಆಗೂದಿಲ್ಲ ಬಾಯಾರ. ಇಷ್ಟ ವರ್ಷ ಮುಚ್ಚಿದ್ದ ಸಾಕು."

ನವಮಿಗೆ ಮೊದಲೇ ಬೋರ್ಡು ಬಂತು. ಮಾಸ್ತಿಕಲ್ಲು ಎಂದಷ್ಟೇ ಬರೆದು, ಕೆಳಗೆ ಸುಣ್ಣ ಎಣ್ಣೆ ಹಚ್ಚಬಾರದು ಎಂದಿತ್ತು. ನವಮಿಯ ಬೆಳಿಗ್ಗೆ ಹೋಗಬೇಡಿ ಎಂದು ನಾನು ಅಂದೆ. ಅತ್ತೆ ಅಂಗಡಿಯಲ್ಲಿ ಒಂದು ಕಾಯಿ ಕೊಂಡು ಪಾಳಿಯಲ್ಲಿ ಕೊನೆಗೆ ನಿಂತರು. ಮೊದಲ ಹೋಳು ಕಮಿಟಿಯವರ ಕೈಗೆ ಹೋಯಿತು. ಕಾಯಿ ಒಡೆಯುವ ಬೀರಪ್ಪ ರೂಢಿಯಂತೆ, "ಮುಂದ ಬಾರಬೇ," ಎಂದು ಕರೆದ. "ಪಾಳಿ ಬರ್ಲಿ ತಮ್ಮಾ," ಎಂದು ನಿಂತಲ್ಲೇ ನಿಂತರು.

ಮನೆಗೆ ಬಂದು ತಮ್ಮ ಕಾಯಿಯ ಹೋಳನ್ನು ನನ್ನ ಕೈಗಿಟ್ಟರು. ಚಟ್ನಿ ಅರೆದೆ, ರೊಟ್ಟಿಗೆ ಹಚ್ಚಿಕೊಂಡು ಉಂಡೆವು. ಕೈ ತೊಳೆದು ಬಂದ ಅತ್ತೆ ಹೊಸ್ತಿಲ ಹತ್ತಿರ ಕೂತು ನನಗೆ ಹೇಳಿದರು:

"ಮುತ್ಯಾ ಎಲ್ಲಿ ಸತ್ತನೋ ಏನೋ ರೇಣು. ಹುಡುಕಾಕ ನನಗ ಇನ್ನ ಶಕ್ತಿ ಇಲ್ಲವ್ವ."